ಗುರುನಿವಾಸದ ಜಗಲಿಯ ಮೇಲೆ



2021ರ ಮೇ ತಿಂಗಳನ್ನು ನೀವಾರೂ ಮರೆತಿರಲಾರಿರಿ. ಅದು ಮಾತೆ ಮರಿಯಮ್ಮನವರ ತಿಂಗಳು. ಬೇರೆ ವರ್ಷಗಳಲ್ಲಾದರೆ ಸಂಜೆಯಾಗುತ್ತಲೇ ನಮ್ಮ ಕ್ರೈಸ್ತ ಕೇರಿಯ ಮನೆಮನೆಗಳಿಂದ ಜಪಸರದ ದನಿ ಕೇಳಿಬರುವ ಕಾಲ. ಆ ವರ್ಷ ಕೇಳಿಬರುತ್ತಿದ್ದದ್ದು ಆಂಬುಲೆನ್ಸಿನ ಕೂಗು ಮಾತ್ರ. ದೇವಾಲಯದ ಬಾಗಿಲು ಎರಡನೆಯ ಸಲ ಮುಚ್ಚಿತ್ತು. ಖಾಲಿ ಬೆಂಚುಗಳ ಮುಂದೆ ನಾನೊಬ್ಬನೇ ನಿಂತು ಬಲಿಪೂಜೆ ಅರ್ಪಿಸಿ ಹೊರಬರುವಷ್ಟರಲ್ಲಿ ದೂರವಾಣಿಯಲ್ಲಿ ಯಾರದೋ ಮರಣದ ಸುದ್ದಿ ಕಾದಿರುತ್ತಿತ್ತು. ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ಮಂದಿ ರೋಗಿಗಳು ತೀರಿಕೊಂಡರು. ಮೇ 5ರಂದು ನಮ್ಮ ರಾಜ್ಯದಲ್ಲಿ ಒಂದೇ ದಿನ ಐವತ್ತು ಸಾವಿರಕ್ಕೂ ಹೆಚ್ಚು ಹೊಸ ಸೋಂಕಿತರು ಪತ್ತೆಯಾದರು.

ಅಂಥ ಒಂದು ದಿನ, ಮಧ್ಯಾಹ್ನ ಎರಡೂವರೆಯ ಉರಿಬಿಸಿಲಿನಲ್ಲಿ, ನಮ್ಮ ಧರ್ಮಕೇಂದ್ರದ ಯುವವೈದ್ಯೆಯೊಬ್ಬಳು ಸ್ಕೂಟರ್ ನಿಲ್ಲಿಸಿ ಗುರುನಿವಾಸದ ಗೇಟಿನ ಬಳಿ ನಿಂತಳು. ಒಳಗೆ ಬರಲೇ ಎಂದು ಅಲ್ಲಿಂದಲೇ ಕೈಸನ್ನೆಯಲ್ಲಿ ಕೇಳಿದಳು. ಆಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ. ನಮ್ಮ ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಕಲಿತವಳು. ತಂದೆ ಇಲ್ಲ, ತಾಯಿ ಶಾಲಾ ಶಿಕ್ಷಕಿಯಾಗಿ ನಿವೃತ್ತರಾದವರು. ಊರಿನ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಅವಳಿಗೆ ಕೆಲಸ. ಜಗಲಿಯ ಕಲ್ಲುಬೆಂಚಿನ ಒಂದು ತುದಿಯಲ್ಲಿ ಅವಳು ಕುಳಿತಳು. ನಾನು ಬಾಗಿಲ ಬಳಿ, ಆರಡಿಗಿಂತ ತುಸು ಹೆಚ್ಚೇ ಅಂತರ ಬಿಟ್ಟು, ಕುರ್ಚಿ ಹಾಕಿಕೊಂಡೆ.

ಮುಂದೆ ಹೇಳುವುದಕ್ಕೆ ಮುಂಚೆ ಒಂದು ಮಾತು. ಇದು ಪಾಪನಿವೇದನೆಯಲ್ಲಿ ಕೇಳಿದ ವಿಷಯವಲ್ಲ. ಹಾಗಿದ್ದಿದ್ದರೆ ಇದರ ಒಂದಕ್ಷರವೂ ನನ್ನ ಲೇಖನಿಯಿಂದ ಹೊರಬರುತ್ತಿರಲಿಲ್ಲ. ಅವಳು ಅನುಮತಿ ಕೊಟ್ಟಿದ್ದಾಳೆ. ಅಷ್ಟೇ ಅಲ್ಲ, "ಬರೀರಿ ಫಾದರ್, ಹೆಸರು ಮಾತ್ರ ಬೇಡ" ಎಂದು ಎರಡು ಸಲ ಒತ್ತಾಯಿಸಿದ್ದಾಳೆ.

ಅವಳು ಕೇಳಿದ್ದು ಒಂದೇ ಪ್ರಶ್ನೆ. "ಫಾದರ್, ನಾನು ಮಾಡಿದ್ದು ಪಾಪವೇ?"

ನಡೆದದ್ದು ಹೀಗೆ. ಹಿಂದಿನ ವಾರದ ಒಂದು ರಾತ್ರಿ ವಾರ್ಡಿನಲ್ಲಿ ಆಮ್ಲಜನಕದ ಸೌಲಭ್ಯವಿರುವ ಒಂದು ಹಾಸಿಗೆ ತೆರವಾಯಿತು. ತೆರವಾಯಿತು ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ಇಬ್ಬರು ಕಾಯುತ್ತಿದ್ದರು. ಒಬ್ಬರಿಗೆ ಅರವತ್ತೆರಡು ವರ್ಷ, ಇನ್ನೊಬ್ಬನಿಗೆ ಮೂವತ್ತನಾಲ್ಕು. ಹಿರಿಯ ವೈದ್ಯರು ಸೋಂಕು ತಗುಲಿ ಮನೆಯಲ್ಲಿದ್ದರು, ಫೋನು ಸಿಗಲಿಲ್ಲ. ಐದು ನಿಮಿಷದಲ್ಲಿ ತೀರ್ಮಾನಿಸಬೇಕಾಗಿತ್ತು. ಅವಳು ಹಾಸಿಗೆಯನ್ನು ಕಿರಿಯನಿಗೆ ಕೊಟ್ಟಳು. ಹಿರಿಯರು ಬೆಳಗಿನ ಜಾವ ತೀರಿಕೊಂಡರು. ಅವರ ಮಗ ಬಂದು ಗಲಾಟೆ ಮಾಡಲಿಲ್ಲ, ಬೈಯಲೂ ಇಲ್ಲ. "ಮೇಡಂ, ನಮ್ಮಪ್ಪನಿಗೆ ಯಾಕೆ ಕೊಡಲಿಲ್ಲ?" ಎಂದು ಮಾತ್ರ ಕೇಳಿ ನಿಂತನಂತೆ. ಮೂರು ದಿನಗಳ ನಂತರ ಆ ಕಿರಿಯನೂ ಉಳಿಯಲಿಲ್ಲ.

"ಬೈದಿದ್ರೆ ಚೆನ್ನಾಗಿತ್ತು ಫಾದರ್" ಎಂದಳು. ಮುಖಗವಸಿನ ಮೇಲೆ ಕಾಣುತ್ತಿದ್ದದ್ದು ಎರಡು ಕಣ್ಣುಗಳು ಮಾತ್ರ. ಅವು ಒಣಗಿದ್ದವು.

ನಾನು ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಲ್ಲಿ ನೀತಿದೈವಶಾಸ್ತ್ರ ಓದಿದವನು. ಇಂಥ ಪ್ರಶ್ನೆಗೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಮಾಡಿದ ಕಾರ್ಯ ಯಾವುದು, ಉದ್ದೇಶ ಯಾವುದು, ತಾನಾಗಿ ಬಯಸದಿದ್ದರೂ ಒದಗಿದ ಪರಿಣಾಮ ಯಾವುದು ಎಂದು ಬಿಡಿಸಿ ವಿವರಿಸಿದೆ. ಒಬ್ಬನನ್ನು ಉಳಿಸಲು ಹೊರಟದ್ದು ಇನ್ನೊಬ್ಬನನ್ನು ಕೊಂದಂತಲ್ಲ ಎಂದೆ. ಇಲ್ಲದ ಹಾಸಿಗೆಯನ್ನು ಕೊಡದಿರುವುದು ಅಪರಾಧವಾಗದು, ಆ ಕೊರತೆಗೆ ಹೊಣೆಗಾರಳು ನೀನಲ್ಲ ಎಂದೆ. ನಾನು ಹೇಳಿದ್ದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಅವಳು ಶಾಲೆಯ ಹುಡುಗಿಯಂತೆ ತಲೆಯಾಡಿಸುತ್ತ ಕೇಳಿ, "ಸರಿ ಫಾದರ್" ಎಂದಳು. ನಾನು ದೂರದಿಂದಲೇ ಕೈಯೆತ್ತಿ ಆಶೀರ್ವದಿಸಿದೆ. "ನೀವು ದೇವರು ಕಳುಹಿಸಿದ ದೂತರು, ಡಾಕ್ಟರಮ್ಮ. ಧೈರ್ಯ ಕಳೆದುಕೊಳ್ಳಬೇಡಿ" ಎಂಬ ಮಾತನ್ನೂ ಸೇರಿಸಿದೆ. ಅಷ್ಟರಲ್ಲಿ ಫೋನು ಬಂತು. ಗುಣಿ ತೋಡುವವರು ಸಿಕ್ಕಿಲ್ಲವೆಂಬ ಸುದ್ದಿ. ನಾನು ಎದ್ದು ಒಳಗೆ ಹೋದೆ.

ಇಪ್ಪತ್ತು ನಿಮಿಷದ ನಂತರ ಬಂದು ನೋಡಿದರೆ ಅವಳು ಹೋಗಿರಲಿಲ್ಲ. ನಮ್ಮ ಗುರುನಿವಾಸದ ಅಡುಗೆಯ ಅಜ್ಜಿ ಅವಳ ಮುಂದೆ ತಟ್ಟೆ ಇಟ್ಟಿದ್ದರು. ಅರ್ಧ ಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ. ತಟ್ಟೆ ಖಾಲಿಯಾಗಿತ್ತು. ಅವಳು ಅದೇ ಕಲ್ಲುಬೆಂಚಿನ ಮೇಲೆ, ಚೀಲವನ್ನು ತಲೆದಿಂಬು ಮಾಡಿಕೊಂಡು, ಮಲಗಿ ನಿದ್ದೆಹೋಗಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತು ಬೆರಳನ್ನು ತುಟಿಗಿಟ್ಟು ನನಗೆ ಸುಮ್ಮನಿರುವಂತೆ ಸನ್ನೆ ಮಾಡಿದರು.

ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದೇನೆಂದು ಹೇಳಿಬಿಡುತ್ತೇನೆ. ನಾನು ಯೋಚಿಸಿದ್ದು, ಇವಳು ಎದ್ದುಹೋದ ಮೇಲೆ ಈ ಬೆಂಚನ್ನು ಯಾವ ದ್ರಾವಣದಿಂದ ತೊಳೆಸಬೇಕು ಎಂದು.

ಓದುಗರೇ, ಈ ಅಂಜಿಕೆ ನನ್ನೊಬ್ಬನದಾಗಿರಲಿಲ್ಲ. ಒಂದು ವರ್ಷ ಹಿಂದಕ್ಕೆ ಹೋಗೋಣ. 2020ರ ಮಾರ್ಚ್ 22ರ ಸಂಜೆ ನಾವೆಲ್ಲ ಬಾಗಿಲಿಗೆ ಬಂದು ತಟ್ಟೆ ಲೋಟ ಬಡಿದು, ಚಪ್ಪಾಳೆ ತಟ್ಟಿ ವೈದ್ಯರಿಗೆ ವಂದಿಸಿದೆವು. ನಾನೂ ದೇವಾಲಯದ ಗಂಟೆ ಬಾರಿಸಿದೆ. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವಿನ ದಳಗಳನ್ನು ಸುರಿಸಿದವು. ಈ ಎರಡು ಗೌರವಗಳ ನಡುವೆ, ಏಪ್ರಿಲ್ 19ರ ರಾತ್ರಿ, ಚೆನ್ನೈಯಲ್ಲಿ ನಡೆದದ್ದನ್ನೂ ನೆನಪಿಸಿಕೊಳ್ಳಬೇಕು. ಸೈಮನ್ ಹರ್ಕ್ಯುಲಿಸ್ ಎಂಬ ನರಶಸ್ತ್ರವೈದ್ಯರು ಕೋವಿಡ್‌ನಿಂದ ಮೃತರಾದರು. ಕ್ರೈಸ್ತರು. ಅವರ ದೇಹವನ್ನು ಕೀಳ್ಪಾಕ್‌ನ ಸ್ಮಶಾನದಲ್ಲಿ ಹೂಳಲು ಜನ ಬಿಡಲಿಲ್ಲ. ಆಂಬುಲೆನ್ಸಿನ ಮೇಲೆ ಕಲ್ಲು, ದೊಣ್ಣೆಗಳು ಬಿದ್ದವು. ಹೆಂಡತಿ ಮಕ್ಕಳು ಅಲ್ಲಿಂದ ಹೊರಟುಹೋಗಬೇಕಾಯಿತು. ಕೊನೆಗೆ ಅವರ ಸಹೋದ್ಯೋಗಿ ವೈದ್ಯರೊಬ್ಬರು ಆಸ್ಪತ್ರೆಯ ಸಿಬ್ಬಂದಿಯನ್ನು ಕರೆದುಕೊಂಡು, ಪೊಲೀಸರ ಕಾವಲಿನಲ್ಲಿ, ವೇಲಂಗಾಡಿನ ಸ್ಮಶಾನದಲ್ಲಿ ತಾವೇ ಮಣ್ಣು ಹಾಕಿದರು. ಗಂಡನ ದೇಹ ತಮ್ಮ ಜನರ ನಡುವೆ ವಿಶ್ರಮಿಸಲಿ ಎಂಬ ಆಸೆಗಾಗಿ ಆ ಪತ್ನಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಅದೇ ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ವೈದ್ಯರ ಮೇಲೆ ಹಲ್ಲೆ ಮಾಡಿ ತೀವ್ರ ಗಾಯಗೊಳಿಸಿದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ದಾರಿ ಮಾಡಿತು. ತಿದ್ದುಪಡಿಯಾದದ್ದು 1897ರ ಕಾನೂನು, ಮುಂಬಯಿಯ ಪ್ಲೇಗಿನ ಕಾಲದ್ದು. ರೋಗಿಗಳನ್ನು ಹತೋಟಿಯಲ್ಲಿಡಲು ಹುಟ್ಟಿದ ಕಾನೂನನ್ನು ನೂರ ಇಪ್ಪತ್ತಮೂರು ವರ್ಷಗಳ ನಂತರ ವೈದ್ಯರನ್ನು ಜನರಿಂದ ಕಾಪಾಡಲು ಬಳಸಬೇಕಾಯಿತು!

ಅದು ಚೆನ್ನೈ ಎಂದು ನಾವು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ನಾನು ಹೇಳುತ್ತಿರುವ ಈ ವೈದ್ಯೆ 2020ರಲ್ಲಿ ಆಸ್ಪತ್ರೆಗೆ ಹತ್ತಿರವೆಂದು ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಜುಲೈ ತಿಂಗಳಲ್ಲಿ ಮಾಲೀಕರು ಅವಳನ್ನು ಬಿಡಿಸಿದರು. "ಮನೇಲಿ ವಯಸ್ಸಾದವರಿದ್ದಾರೆ, ತಪ್ಪು ತಿಳ್ಕೋಬೇಡಮ್ಮ" ಎಂದು ನಯವಾಗಿಯೇ ಹೇಳಿದರಂತೆ. ಅವರು ನಮ್ಮ ಧರ್ಮಕೇಂದ್ರದವರೇ. ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. ನಾನು ಹೋಗಿ ಅವರೊಡನೆ ಮಾತಾಡಬಹುದಿತ್ತು, ಮಾತಾಡಲಿಲ್ಲ. ಅದೇ ವರ್ಷ ಕ್ರಿಸ್ಮಸ್ ಆದ ಮೇಲೆ ನಾವು ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕೊರೋನಾ ಯೋಧೆ ಎಂದು ಹೊಗಳಿದೆವು. ಮನೆ ಬಿಡಿಸಿದವರೂ ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದರು.

ಯೋಧರು, ದೇವದೂತರು ಎಂಬ ಈ ಹೊಗಳಿಕೆಗಳ ಬಗ್ಗೆ ಈಗ ನನಗೆ ಅನುಮಾನವಿದೆ. ಪ್ಲೇಗಿನ ರೋಗಿಗಳ ಸೇವೆಯಲ್ಲಿ 1591ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೇ ಪ್ರಾಣಬಿಟ್ಟ ಸಂತ ಅಲೋಶಿಯಸ್ ಗೊನ್ಜಾಗರನ್ನೂ, ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ನಡುವೆ ತಾವೂ ರೋಗಿಯಾಗಿ 1889ರಲ್ಲಿ ಮಡಿದ ಸಂತ ದಾಮಿಯಾನರನ್ನೂ ನಾವು ಪ್ರಬೋಧನೆಗಳಲ್ಲಿ ಎಷ್ಟು ಸಲ ಉದಾಹರಿಸಿಲ್ಲ! ಉದಾಹರಿಸುವುದು ಸರಿಯೇ. ಆದರೆ ಸಂತರ ಶೌರ್ಯವನ್ನು ಹೇಳುವಾಗ ಅವರ ಬಳಲಿಕೆಯನ್ನು ಬಿಟ್ಟು ಹೇಳುವುದು ನಮಗೆ ರೂಢಿಯಾಗಿದೆ. ದಾಮಿಯಾನರು ಪಾಪನಿವೇದನೆಗೆ ಇನ್ನೊಬ್ಬ ಗುರು ಸಿಗದೆ ಎಷ್ಟು ಒಂಟಿಯಾಗಿದ್ದರೆಂಬುದನ್ನು ನಾನು ಯಾವ ಪ್ರಬೋಧನೆಯಲ್ಲೂ ಹೇಳಿದ ನೆನಪಿಲ್ಲ. ದೇವದೂತರಿಗೆ ನಿದ್ದೆ ಬೇಡ, ಹಸಿವಿಲ್ಲ. ಒಬ್ಬರನ್ನು ದೇವದೂತರೆಂದು ಕರೆದಮೇಲೆ ಅವರು ಬಾಯಿಬಿಟ್ಟು "ನನ್ನಿಂದಾಗುತ್ತಿಲ್ಲ" ಎನ್ನಲು ಹೇಗೆ ಸಾಧ್ಯ?

ಹದಿನೈದು ದಿನಗಳ ನಂತರ ಅವಳ ತಾಯಿಯ ಕರೆ ಬಂತು. "ಸ್ವಾಮಿ, ಮಗಳು ಮಾತಾಡ್ತಿಲ್ಲ. ರಾತ್ರಿ ಎದ್ದು ಕೂತಿರ್ತಾಳೆ. ಕೈ ತೊಳೀತಾನೇ ಇರ್ತಾಳೆ, ಚರ್ಮ ಸುಲಿದುಹೋಗಿದೆ. ನೀವೊಂದು ಪ್ರಾರ್ಥನೆ ಮಾಡಿ ಸ್ವಾಮಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರಿಗೂ ಹೇಳಬೇಡಿ. ಒಂದು ಕಡೆ ಸಂಬಂಧದ ಮಾತು ನಡೀತಿದೆ" ಎಂದರು. ನಾನು ಅವರಿಗೆ ಹೇಳಿದ್ದು ನವದಿನದ ಪ್ರಾರ್ಥನೆ ಮಾಡಲು. ನಾನೂ ಮಾಡಿದೆ, ಅದು ನಿಜ. ಅವಳ ಕಾಲು ಮುರಿದಿದ್ದರೆ ನವದಿನ ಮಾಡಿ ಎನ್ನುವ ಮೊದಲು ಮೂಳೆ ವೈದ್ಯರ ವಿಳಾಸ ಕೊಡುತ್ತಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಹೊಳೆದದ್ದು ಆಸ್ಪತ್ರೆಯ ಹಿರಿಯ ದಾದಿಯೊಬ್ಬರಿಗೆ. ರಕ್ಷಾಕವಚ ತೊಟ್ಟುಕೊಳ್ಳುವ ಕೋಣೆಯಲ್ಲಿ ಈ ಹುಡುಗಿ ಅರ್ಧ ತೊಟ್ಟ ಕವಚದಲ್ಲೇ ಗೋಡೆಗೊರಗಿ ಕುಳಿತಿದ್ದಳಂತೆ. ಆ ಕವಚದೊಳಗಿನ ಯಾತನೆಯೂ ನಿಮಗೆ ಗೊತ್ತಿರಲಿ. ಒಮ್ಮೆ ತೊಟ್ಟರೆ ಆರೆಂಟು ಗಂಟೆ ನೀರು ಕುಡಿಯುವಂತಿಲ್ಲ, ಶೌಚಕ್ಕೆ ಹೋಗುವಂತಿಲ್ಲ. ಎಷ್ಟೋ ಮಂದಿ ವಯಸ್ಕರ ಡಯಾಪರ್ ಕಟ್ಟಿಕೊಂಡು ಕೆಲಸ ಮಾಡಿದರು. ದಾದಿ ಹತ್ತಿರ ಕುಳಿತು, "ಏನು ಡಾಕ್ಟ್ರೇ?" ಎಂದರು. ಅವಳ ಉತ್ತರ ಕೇಳಿ ಬೇರೇನೂ ಮಾತಾಡದೆ ಕೈಹಿಡಿದು ಎಬ್ಬಿಸಿ, ಅದೇ ಸಂಜೆ ಮನೋವೈದ್ಯರ ಮುಂದೆ ಕೂರಿಸಿದರು. ಆ ವಾರ ಬದುಕಿರಬಾರದೆಂದು ತೀರ್ಮಾನಿಸಿದ್ದೆ ಎಂದು ಅವಳು ನನಗೆ ಹೇಳಿದ್ದು ಒಂದು ವರ್ಷದ ನಂತರ. ನವದಿನದ ಪ್ರಾರ್ಥನೆ ಫಲಿಸಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆ ದಾದಿಯ ಕೈ ಎಲ್ಲಿಂದ ಬಂತೆಂದು ನನಗೆ ಗೊತ್ತು. ಆದರೆ ನನಗೂ ಎರಡು ಕೈಗಳಿದ್ದವು.

ಮೂರು ವಾರ ರಜೆ ಬೇಕೆಂದು ಮನೋವೈದ್ಯರು ಬರೆದುಕೊಟ್ಟರು. ಸಾಂಕ್ರಾಮಿಕದ ಕಾಲದಲ್ಲಿ ಯಾಕೆ ರಜೆ ಎಂದು ಮೇಲಿನವರು ಲಿಖಿತ ವಿವರಣೆ ಕೇಳಿದರು. ಅವರನ್ನೂ ಪೂರ್ತಿ ದೂರಲಾರೆ. ಕೈಗೆ ಸಿಗುವ ವೈದ್ಯರೇ ಇರಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ನಡೆಯಬೇಕಾಗಿದ್ದ ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆ ಸೆಪ್ಟೆಂಬರಿಗೆ ಹೋಯಿತು. ಸೀಟು ಹಂಚಿಕೆ ಆರಂಭವಾದದ್ದು 2022ರ ಜನವರಿಯಲ್ಲಿ. ದೇಶದಾದ್ಯಂತ ದೊಡ್ಡ ಆಸ್ಪತ್ರೆಗಳಲ್ಲಿ ಮೂರು ತಂಡಗಳ ಕೆಲಸ ಎರಡು ತಂಡಗಳ ಹೆಗಲ ಮೇಲೆ ಬಿತ್ತು. ಜೊತೆಗೆ ಸತ್ತವರ ಲೆಕ್ಕ. ಭಾರತೀಯ ವೈದ್ಯಕೀಯ ಸಂಘದ ಪ್ರಕಾರ ಮೊದಲ ಅಲೆಯಲ್ಲಿ 748 ವೈದ್ಯರು ತೀರಿಕೊಂಡರು. ಎರಡನೆಯ ಅಲೆಯಲ್ಲಿ 2021ರ ಜೂನ್ ನಡುವಿನ ಹೊತ್ತಿಗೇ ಆ ಸಂಖ್ಯೆ ಏಳುನೂರನ್ನು ದಾಟಿತ್ತು. ಇದು ವೈರಾಣುವಿನಿಂದ ಸತ್ತವರ ಎಣಿಕೆ. ಬದುಕಿದ್ದೂ ಒಳಗೇ ಕುಸಿದವರನ್ನು ಎಣಿಸಿದವರಾರು?

ಕುಸಿದವರಲ್ಲಿ ಕೆಲವರ ಸುದ್ದಿ ಮಾತ್ರ ಹೊರಬಂತು. ನ್ಯೂಯಾರ್ಕಿನ ಆಸ್ಪತ್ರೆಯೊಂದರ ತುರ್ತುಚಿಕಿತ್ಸಾ ವಿಭಾಗದ ಮುಖ್ಯಸ್ಥೆಯಾಗಿದ್ದ ಡಾ. ಲೋರ್ನಾ ಬ್ರೀನ್ ಅವರಿಗೆ ನಲವತ್ತೊಂಬತ್ತು ವರ್ಷ. ದೃಢವಿಶ್ವಾಸದ ಕ್ರೈಸ್ತೆ. 2020ರ ಮಾರ್ಚ್‌ನಲ್ಲಿ ತಮಗೇ ಸೋಂಕು ತಗುಲಿತು. ಚೇತರಿಸಿಕೊಂಡು ತಡಮಾಡದೆ ಕೆಲಸಕ್ಕೆ ಮರಳಿದರು. ಏಪ್ರಿಲ್ 26ರಂದು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಸಹಾಯ ಕೇಳಿದರೆ ವೈದ್ಯವೃತ್ತಿಯ ಪರವಾನಗಿಗೆ ಕುತ್ತು ಬಂದೀತು, ಸಹೋದ್ಯೋಗಿಗಳ ಕಣ್ಣಿನಲ್ಲಿ ಸಣ್ಣವಳಾದೇನು ಎಂಬ ಭಯ ಅವರನ್ನು ಕಾಡಿತ್ತೆಂದು ಮನೆಯವರು ಆಮೇಲೆ ಹೇಳಿದರು. ಆ ಕುಟುಂಬ ದುಃಖವನ್ನು ಮುಚ್ಚಿಡಲಿಲ್ಲ. ಅವರ ಪ್ರಯತ್ನದಿಂದ, ವೈದ್ಯಕೀಯ ಸಿಬ್ಬಂದಿಯ ಮಾನಸಿಕ ಆರೋಗ್ಯ ಕಾಪಾಡುವ ಕಾನೂನೊಂದು ಲೋರ್ನಾ ಅವರ ಹೆಸರಿನಲ್ಲೇ 2022ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಜಾರಿಗೆ ಬಂತು. ನಮ್ಮಲ್ಲಿ, 2020ರ ಆಗಸ್ಟ್‌ನಲ್ಲಿ, ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿಯವರು ಹೀಗೆಯೇ ಹೋದರು. ತಿಂಗಳುಗಟ್ಟಲೆ ಬಿಡುವಿಲ್ಲದ ದುಡಿಮೆ ಮತ್ತು ಒತ್ತಡವೇ ಕಾರಣವೆಂದು ಮನೆಯವರೂ ಸಹೋದ್ಯೋಗಿಗಳೂ ನೊಂದು ನುಡಿದರು. ಜಿಲ್ಲೆಯ ವೈದ್ಯರು ಬೀದಿಗಿಳಿದರು.

ಇಲ್ಲಿ ಗುರುವಾಗಿ ನಾನೊಂದು ವಿಷಯವನ್ನು ಸ್ಪಷ್ಟಪಡಿಸಲೇಬೇಕು. ಹೀಗೆ ಸತ್ತವರಿಗೆ ದೇವಾಲಯದಲ್ಲಿ ಪೂಜೆಯಿಲ್ಲ, ಪವಿತ್ರ ಭೂಮಿಯಲ್ಲಿ ಸಮಾಧಿಯಿಲ್ಲ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. 1917ರ ಧರ್ಮಸಭಾ ಕಾನೂನಿನಲ್ಲಿ ಅಂಥ ನಿಷೇಧವಿದ್ದದ್ದು ನಿಜ. 1983ರ ಕಾನೂನು ಸಂಹಿತೆಯಲ್ಲಿ ಅದಿಲ್ಲ. ತೀವ್ರವಾದ ಮಾನಸಿಕ ವ್ಯಥೆ, ಭಯ, ಯಾತನೆಗಳು ಆ ವ್ಯಕ್ತಿಯ ಹೊಣೆಯನ್ನು ಕುಗ್ಗಿಸುತ್ತವೆಂದೂ, ಅಂಥವರ ನಿತ್ಯರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದೆಂದೂ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ನಿಮ್ಮ ಬಂಧುಗಳಲ್ಲಿ ಯಾರಾದರೂ ಹೀಗೆ ಹೋಗಿದ್ದರೆ, ಅವರ ವಾರ್ಷಿಕದ ಪೂಜೆ ಕೇಳಲು ನೀವು ಸಂಕೋಚದಿಂದ ಹಿಂಬಾಗಿಲಿಗೆ ಬರಬೇಕಾಗಿಲ್ಲ. ಮುಂಬಾಗಿಲಿಗೇ ಬನ್ನಿ.

ಈಗ ಅವಳ ಪ್ರಶ್ನೆಗೆ ಮರಳುತ್ತೇನೆ. ನನ್ನ ಉತ್ತರ ಸರಿಯಾಗಿದ್ದರೂ ಅವಳಿಗೆ ಯಾಕೆ ಮುಟ್ಟಲಿಲ್ಲ? ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ ಅವರ ವಿಚಾರಗಳನ್ನು ನಾನು ಆಮೇಲೆ ಓದಿದೆ. ಸರಿ ಎಂದು ತಾನು ನಂಬಿದ್ದಕ್ಕೆ ವಿರುದ್ಧವಾದುದರಲ್ಲಿ ಭಾಗಿಯಾಗಬೇಕಾಗಿ ಬಂದಾಗ ಮನುಷ್ಯನ ಒಳಗೆ ಆಗುವ ಪೆಟ್ಟನ್ನು ನೈತಿಕ ಗಾಯ ಎಂದು ಕರೆಯುತ್ತಾರೆ. ಕೋವಿಡ್ ಕಾಲದಲ್ಲಿ ಈ ಮಾತು ವೈದ್ಯರ ಬಗ್ಗೆಯೂ ಬಳಕೆಗೆ ಬಂತು. ಇದು ಭಯದಿಂದ ಆಗುವ ಪೆಟ್ಟಲ್ಲ, ಬರೀ ದಣಿವೂ ಅಲ್ಲ. ದಣಿವು ನಿದ್ದೆಯಿಂದ ಹೋದೀತು. ಎಲ್ಲರನ್ನೂ ಉಳಿಸುತ್ತೇನೆಂದು ಮಾತುಕೊಟ್ಟು ವೈದ್ಯಳಾದವಳು ಯಾರನ್ನು ಉಳಿಸಲಿ ಎಂದು ಆರಿಸಬೇಕಾಗಿ ಬಂದರೆ, ಅವಳು ನಿರಪರಾಧಿಯೆಂದು ಎಷ್ಟು ತರ್ಕಬದ್ಧವಾಗಿ ಸಾಧಿಸಿದರೂ ಗಾಯ ಗಾಯವೇ. ನಾನು ನ್ಯಾಯಾಧೀಶನಂತೆ ಬಿಡುಗಡೆಯ ತೀರ್ಪು ಕೊಟ್ಟು ಎದ್ದೆ. ಅವಳು ಬಂದದ್ದು ತೀರ್ಪಿಗಲ್ಲ. ಆ ಇಬ್ಬರ ಹೆಸರು ಹೇಳಿ ಅಳುವುದಕ್ಕೆ ಒಂದು ಜಾಗ ಬೇಕಾಗಿತ್ತು. ಅವರ ಹೆಸರೇನೆಂದು ನಾನು ಕೇಳಿಯೇ ಇರಲಿಲ್ಲ.

2022ರ ಅಕ್ಟೋಬರ್ 18. ಸುವಾರ್ತಾಕರ್ತ ಸಂತ ಲೂಕರ ಹಬ್ಬ. ಸಂತ ಪೌಲರು ಪ್ರಿಯ ವೈದ್ಯನೆಂದು ನೆನೆದವರು, ವೈದ್ಯರ ಪಾಲಕರು. ಆ ವರ್ಷವೂ ಶಾಲು ಹೊದಿಸುವ ಸಿದ್ಧತೆ ಮಾಡಿ ನಾನು ಅವಳನ್ನು ಕರೆದೆ. "ಶಾಲು ಬೇಡ ಫಾದರ್, ಮನೇಲಿ ಎರಡಿವೆ" ಎಂದು ನಕ್ಕಳು. ನಗುವುದನ್ನು ಕಂಡು ನನಗೆ ಧೈರ್ಯ ಬಂತು. ಅಂದು ನಾನು ಎಷ್ಟು ಅನಾಸ್ಥೆಯಿಂದ ನಡೆದುಕೊಂಡೆ ಎಂದು ಕ್ಷಮೆ ಕೇಳಿದೆ. ಬೆಂಚು ತೊಳೆಸಿದ್ದನ್ನೂ ಹೇಳಿದೆ. ಅವಳು, "ನೀವೇನು ಹೇಳಿದಿರಿ ಅಂತ ನನಗೆ ಒಂದು ಮಾತೂ ನೆನಪಿಲ್ಲ ಫಾದರ್. ಅಜ್ಜಿಯ ಸಾರು ನೆನಪಿದೆ. ನಾಲ್ಕು ದಿನದಲ್ಲಿ ಅವತ್ತೇ ನಾನು ನಿದ್ದೆ ಮಾಡಿದ್ದು" ಎಂದಳು.

ಆ ರಾತ್ರಿ ನಾನು ಅರಸುಗಳ ಮೊದಲನೆಯ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯವನ್ನು ತೆರೆದೆ. ಎಷ್ಟೋ ಸಲ ಓದಿದ ಅಧ್ಯಾಯ. ಕಾರ್ಮೆಲ್ ಬೆಟ್ಟದ ಮೇಲೆ ಬೆಂಕಿಯನ್ನೇ ಇಳಿಸಿದ ಪ್ರವಾದಿ ಎಲೀಯ, ಅದಾದ ಕೆಲವೇ ದಿನಗಳಲ್ಲಿ ಅಡವಿಯ ಗಿಡವೊಂದರ ಕೆಳಗೆ ಕುಳಿತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ದೇವರು ಅವನಿಗೆ ಉಪದೇಶ ಮಾಡುವುದಿಲ್ಲ. ವಿಶ್ವಾಸ ಸಾಲದೆಂದು ಗದರುವುದಿಲ್ಲ. ದೂತನೊಬ್ಬ ಬಂದು ಅವನನ್ನು ಮುಟ್ಟಿ ಎಬ್ಬಿಸುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಕುಡಿದು ಮತ್ತೆ ಮಲಗುತ್ತಾನೆ. ದೂತ ಅದಕ್ಕೂ ಬೇಸರಪಡದೆ ಎರಡನೆಯ ಸಲ ಬಂದು ಉಣಿಸುತ್ತಾನೆ. ಹೋರೇಬಿನ ಬೆಟ್ಟವೂ ಮೆಲುದನಿಯೂ ಬರುವುದು ಅದೆಲ್ಲ ಆದಮೇಲೆ, ನಲವತ್ತು ದಿನಗಳ ನಡಿಗೆಯ ನಂತರ. ಗುರುಮಠದಲ್ಲಿ ನಾವು ಆ ಮೆಲುದನಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದೆವು. ರೊಟ್ಟಿಯ ಬಗ್ಗೆ ಬರೆದ ನೆನಪಿಲ್ಲ. ನಮ್ಮ ಜಗಲಿಯಲ್ಲಿ ದೇವದೂತರಾಗಿ ನಿಂತದ್ದು, ನಾನು ಹಾಗೆಂದು ಕರೆದವಳಲ್ಲ. ಓದುಬರಹ ಬಾರದ ನಮ್ಮ ಅಡುಗೆಯ ಅಜ್ಜಿ.

ಇನ್ನು ನನ್ನ ವಿಷಯ. ಆ ಮೇ ತಿಂಗಳೊಂದರಲ್ಲೇ ನಾನು ಒಂಬತ್ತು ಮಂದಿಯನ್ನು ಮಣ್ಣುಮಾಡಿದೆ. ಬಿಳಿಯ ಕವಚ ತೊಟ್ಟ ನಾಲ್ವರು ಯುವಕರು, ನಾನು, ಕೆಲವೊಮ್ಮೆ ಮಗನೋ ಮಗಳೋ ಒಬ್ಬರು, ಅಷ್ಟೇ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮುಖಗಳು ತಿಂಗಳುಗಟ್ಟಲೆ ನನ್ನ ಕನಸಿಗೆ ಬರುತ್ತಿದ್ದವು. ಅದನ್ನು ಯಾರಿಗೂ ಹೇಳಿರಲಿಲ್ಲ. ಗುರುವಿಗೆ ಪ್ರಾರ್ಥನೆ ಸಾಲದೇ ಎಂದಾರೆಂಬ ನಾಚಿಕೆ. ಈ ಹುಡುಗಿಯ ಮಾತು ಕೇಳಿದ ಮೇಲೆ ನಾನೂ ಆಪ್ತಸಲಹೆಗಾರರೊಬ್ಬರ ಬಳಿ ಹೋಗಿಬಂದೆ, ಆರು ಸಲ. ಇಷ್ಟು ಸಾಕು.

ಧರ್ಮಕೇಂದ್ರದಲ್ಲಿ ನಾವು ದೊಡ್ಡದೇನನ್ನೂ ಮಾಡಿಲ್ಲ. ದೇವಾಲಯದ ಸೂಚನಾ ಫಲಕದಲ್ಲಿ ಟೆಲಿ-ಮಾನಸ್‌ನ 14416 ಎಂಬ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿದ್ದೇವೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಉಚಿತ ದೂರವಾಣಿ ಸೇವೆ ಅದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಮೊದಮೊದಲು ಅದರ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ, ನಿಂತರೆ ಯಾರಾದರೂ ನೋಡಿಯಾರೆಂದು. ಹಾಗಾಗಿ ಫಲಕವನ್ನು ಮದುವೆಯ ಪ್ರಕಟಣೆಗಳ ಪಕ್ಕಕ್ಕೆ ಸರಿಸಿದೆವು. ಈಗ ಯಾರು ಯಾವುದನ್ನು ಓದುತ್ತಿದ್ದಾರೆಂದು ಯಾರಿಗೂ ತಿಳಿಯುವುದಿಲ್ಲ. ಈ ಉಪಾಯ ನಮ್ಮ ಉಪದೇಶಿಯವರದು. ಮನೆ ಬಿಡಿಸಿದ ಆ ಹಿರಿಯರು ಒಂದು ದಿನ ತಾವಾಗಿಯೇ ಅವಳ ತಾಯಿಯ ಮನೆಗೆ ಹೋಗಿ ಬಂದರೆಂದು ಕೇಳಿದೆ. ಏನು ಮಾತಾಡಿದರೋ ನಾನು ಕೇಳಲಿಲ್ಲ. ಅಂದಿನ ಆ ಸಂಬಂಧ ಕೂಡಿಬರಲಿಲ್ಲ. ಅವಳು ಈಗ ಮಕ್ಕಳ ವಿಭಾಗದಲ್ಲಿ ಓದುತ್ತ ಕೆಲಸ ಮಾಡುತ್ತಿದ್ದಾಳೆ. ಮಾತ್ರೆಗಳನ್ನು ವೈದ್ಯರೇ ನಿಲ್ಲಿಸಿದ್ದಾರೆ. ನವೆಂಬರಿನ ಸಮಸ್ತ ಮೃತರ ಸ್ಮರಣೆಯ ದಿನ ಪ್ರತಿವರ್ಷ ಎರಡು ಹೆಸರುಗಳಿರುವ ಚೀಟಿಯೊಂದನ್ನು ನನ್ನ ಕೈಗೆ ಕೊಡುತ್ತಾಳೆ. ಅವರಿಬ್ಬರೂ ಕ್ರೈಸ್ತರಲ್ಲ. ನಾನು ಪೂಜೆಯಲ್ಲಿ ಆ ಹೆಸರುಗಳನ್ನು ಗಟ್ಟಿಯಾಗಿಯೇ ಓದುತ್ತೇನೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಮತ್ತೆ ಗೇಟಿನ ಬಳಿ ಸ್ಕೂಟರ್ ನಿಂತ ಸದ್ದಾಯಿತು. ಅವಳ ಹಿಂದೆ ತೆಳ್ಳಗಿನ ಹುಡುಗನೊಬ್ಬ ಕುಳಿತಿದ್ದ. ಈಚೆಗೆ ಕೆಲಸಕ್ಕೆ ಸೇರಿದ ಕಿರಿಯ ವೈದ್ಯನಂತೆ. ಮೊದಲ ಬಾರಿಗೆ ಒಂದು ಮಗು ಅವನ ಕೈಯಲ್ಲೇ ತೀರಿಕೊಂಡು ಎರಡು ದಿನವಾಗಿತ್ತು. ಅಂದಿನಿಂದ ಅವನು ಸರಿಯಾಗಿ ಮಾತಾಡಿರಲಿಲ್ಲ. ಅವನು ನಮ್ಮ ಧರ್ಮದವನೂ ಅಲ್ಲ. ಎಲ್ಲಿ ಕುಳಿತುಕೊಳ್ಳಬೇಕೆಂದು ತೋಚದೆ ನಿಂತಿದ್ದ. ಅವಳು ಕಲ್ಲುಬೆಂಚು ತೋರಿಸಿ, ಅಡುಗೆಮನೆಯ ಕಡೆ ತಿರುಗಿ, "ಅಜ್ಜೀ, ಇನ್ನೊಂದು ತಟ್ಟೆ ಇದೆಯಾ?" ಎಂದು ಕೂಗಿದಳು.

ನಾನು ಫೋನನ್ನು ಒಳಗೆ ಮೇಜಿನ ಮೇಲೆ ಬಿಟ್ಟು ಬಂದು ಅವನ ಪಕ್ಕದಲ್ಲಿ ಕುಳಿತೆ.